ಕೆರೆಯಲ್ಲಿ ತೊಳೆದ ಡ್ರಮ್ಮು

ಬಾಗಲಗುಂಟೆಯ ಅಂಜಿನಮ್ಮನಿಗೆ ಕೆರೆಯಿಂದ ಮನೆಗೆ ಬರುವಷ್ಟರಲ್ಲಿ ಸಾಕುಸಾಕಾಗಿತ್ತು. ಬಸುರಿ ಮಗಳು ವಸಂತಮ್ಮನಿಗೆ ನೆಗಡಿ, ಕೆಮ್ಮು. ಏಡಿ ಸಾರು ಮಾಡಿಕೊಡೋಣವೆಂದು ಬೆಳಗಿನಿಂದ ಹುಡುಕಿದರೂ ಸಿಕ್ಕಿದ್ದು ಒಂದೇ ಏಡಿ. ಅದರ ಹೊಟ್ಟೆಯಡಿ ಮೊಟ್ಟೆಯ ಗೊಂಚಲಿತ್ತು, ಆದರೆ ಎಲ್ಲ ಬೂದಿಬಣ್ಣಕ್ಕೆ ತಿರುಗಿ ಕೊಳೆತಿತ್ತು. ಎರಡು ವರ್ಷದಿಂದ ಕೆರೆಯಲ್ಲಿ ಏಡಿಮರಿಯೇ ಕಂಡಿರಲಿಲ್ಲ.

ಅವರ ಮನೆಯಲ್ಲೇ ಬಾಡಿಗೆಗಿದ್ದ ಹೈಸ್ಕೂಲು ಮೇಡಂ ಭಾನುಮತಿ ಏಡಿಯನ್ನು ತಿರುಗಿಸಿ ನೋಡಿದರು. "ಕೆರೆಗೆ ಏನು ಸೇರ್ತಿದೆ ಅಂಜಿನಮ್ಮ?"

"ಏನಿಲ್ಲ ಮೇಡಂ. ನಮ್ಮ ಕೊಟ್ಟಿಗೇಲಿ ಬಾಡಿಗೆಗೆ ಪ್ಲೇಟಿಂಗ್ ಶೆಡ್ ಮಡಗವ್ರಲ್ಲ, ಲೋಹಕ್ಕೆ ಹೊಳಪಿನ ಲೇಪ ಹಾಕೋರು, ಅವ್ರು ಎರಡು ವರ್ಷದಿಂದ ಖಾಲಿ ಡ್ರಮ್ ಕೊಡ್ತಾರೆ. ಬಾವಿ ಕೆಡಬಾರ್ದು ಅಂತ ಕೆರೇಲಿ ತೊಳೀತೀನಿ. ಇದ್ವರ್ಗೂ ಬಚ್ಚಲಿಗೆ ಇಟ್ಕೊತಿದ್ದೆ. ಇವತ್ತು ತೊಳ್ದು ತಂದಿರೋ ಡ್ರಮ್ಮು ಕುಡಿಯೋ ನೀರಿಗೆ, ಬಾಣಂತನಕ್ಕೆ ಬೇಕಲ್ಲ."

ಬಾವಿ ಉಳಿಸಿದ ಜಾಣತನಕ್ಕೆ ಅವಳಿಗೆ ಒಳಗೊಳಗೇ ಹೆಮ್ಮೆ. ಮೇಡಂ ಮುಖ ಬಾಡಿತು.

"ಆ ಡ್ರಮ್ಮಲ್ಲಿ ಸಯನೈಡ್ ಅನ್ನೋ ವಿಷ ಇರುತ್ತೆ. ನೋಡಿ, ಗಂಡಿನ ಬೀಜ ಸೇರಿದ್ರಷ್ಟೇ ಸಾಲದು, ಮೊಟ್ಟೆ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೀಬೇಕು. ಅದಕ್ಕೆ ಶಕ್ತಿ ಬೇಡ್ವಾ? ಮೊಟ್ಟೆಯೊಳಗೆ ಕಣ್ಣಿಗೆ ಕಾಣದ ಒಲೆಗಳಿರ್ತವೆ, ಮೈಟೊಕಾಂಡ್ರಿಯ ಅಂತಾರೆ. ತಾಯಿಯೇ ಕೊಟ್ಟು ಕಳ್ಸಿರೋದು. ಸಯನೈಡ್ ಆ ಒಲೆ ಆರಿಸ್ಬಿಡುತ್ತೆ. ಅಕ್ಕಿ ಇದ್ರೂ ಅನ್ನ ಆಗಲ್ಲ."

ಜಗಲಿಯಲ್ಲಿ ಬೀಡಿ ಸೇದುತ್ತಿದ್ದ ಗಂಡ ನಲ್ಲಪ್ಪ ನಕ್ಕ. "ಏಡಿ ಮೊಟ್ಟೇಲಿ ಒಲೆಯಂತೆ! ಮೂರು ಸಲ ಬೂದಿ ಆಕಿ ಉಜ್ಜವ್ಳೆ ಮೇಡಂ, ಡ್ರಮ್ಮು ಪಳಪಳ ಅಂತದೆ."

"ಒಲೆ ಏಡಿಗಷ್ಟೇ ಅಲ್ಲ ನಲ್ಲಪ್ಪನೋರೆ. ನಮಗೂ ಇದೆ. ವಸಂತನ ಹೊಟ್ಟೇಲಿರೋ ಮಗೂಗೂ ಇದೆ. ಈ ಡ್ರಮ್ಮಿನ ನೀರು ಅವಳಿಗೆ ಕುಡಿಸ್ತೀರಾ?"

ಅಂಜಿನಮ್ಮ ಡ್ರಮ್ಮನ್ನು ಜಗಲಿಯಿಂದ ದೂರ ತಳ್ಳಿದಳು.

"ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲ ಮೇಡಂ. ನನ್ ಕೈಯಾರೆ ಕೆರೆ ಕೆಡಿಸ್ಬಿಟ್ನಲ್ಲ." ಅಳುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ.

ನಲ್ಲಪ್ಪ ಬೀಡಿ ಎಸೆದು ಎದ್ದ. ಹೊಸ ಡ್ರಮ್ಮನ್ನೂ ಬಚ್ಚಲಲ್ಲಿದ್ದವನ್ನೂ ಒಂದೊಂದಾಗಿ ಶೆಡ್ಡಿಗೆ ಉರುಳಿಸಿಕೊಂಡು ಹೋದ. "ಇನ್ಮೇಲೆ ಯಾರ ಮನೆಗೂ ಕೊಡಬ್ಯಾಡಿ. ತೊಳೆದ ನೀರು ಕೆರೆಗೆ ಬಿಟ್ರೋ, ಕೊಟ್ಟಿಗೆ ಖಾಲಿ ಮಾಡಿ" ಎಂದು ಅವನು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಏಡಿ ಸಾರಿನ ಬದಲು ವಸಂತಮ್ಮ ಅಂದು ಮೆಣಸಿನ ಸಾರು ಕುಡಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕಾರ್ಖಾನೆಯ ಡ್ರಮ್ ಇದೆಯೇ? ಎಷ್ಟೇ ಉಜ್ಜಿದರೂ ಅದರಲ್ಲಿ ನೀರು ತುಂಬಬೇಡಿ. ಕೆರೆಯಲ್ಲಾಗಲಿ, ಬಾವಿಯ ಬಳಿಯಾಗಲಿ ತೊಳೆಯಬೇಡಿ, ಕೊಟ್ಟವರಿಗೇ ಹಿಂತಿರುಗಿಸಿ. ಮೊಟ್ಟೆ ಹೊತ್ತ ಏಡಿ ಸಿಕ್ಕರೆ ನೀರಿಗೇ ಬಿಟ್ಟುಬಿಡಿ. ಅದೂ ನಿಮ್ಮ ಮಗಳ ಹಾಗೆ ಬಸುರಿ.