ಮೂರು ದಿನದ ಕಂಬಳಿ

ನಾನು ಒಂದು ಕರಿಕಂಬಳಿ. ಚಳ್ಳಕೆರೆ ಕಡೆಯ ಒಂದು ಹಟ್ಟಿಯಲ್ಲಿ ಕುರಿಯ ಉಣ್ಣೆಯಿಂದ ಹುಟ್ಟಿದೆ. ಹೆಂಗಸರು ನೂತರು, ಹುಣಸೆಬೀಜದ ಗಂಜಿ ಬಳಿದು ಒಣಗಿಸಿದರು, ಗಂಡಸರು ನೇಯ್ದರು. ಒರಟು ಮೈ, ಕುರಿಯ ವಾಸನೆ. ಇಷ್ಟೇ ನನ್ನ ಆಸ್ತಿ.

ಚಿತ್ರದುರ್ಗದ ಒಂದು ಮನೆಯವರು ನನ್ನನ್ನು ಕೊಂಡರು. ಆ ಮನೆಯ ಹೊಸ ಸೊಸೆ ವಾರಿಜಾ ತಿಂಗಳಿಗೆ ಮೂರು ದಿನ ಹೊರಗೆ ಕೂರಬೇಕಿತ್ತು. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲ ಎಂಬ ನಂಬಿಕೆ; ಹಾಗಾಗಿ ಹಿತ್ತಿಲ ಕೋಣೆಯಲ್ಲಿ ಅವಳ ಹಾಸಿಗೆ ನಾನಾದೆ. ಊಟದ ತಟ್ಟೆಯನ್ನು ಹೊಸ್ತಿಲಾಚೆಯಿಂದಲೇ ನೂಕುತ್ತಿದ್ದರು. ಮೊದಮೊದಲು ಅವಳು ನನ್ನಲ್ಲಿ ಮುಖ ಹುದುಗಿಸಿ ಅಳುತ್ತಿದ್ದಳು.

ಆದರೆ ಆ ಮೂರು ದಿನ ಯಾರೂ ಅವಳನ್ನು ಕಾಫಿ ಕೇಳುವಂತಿರಲಿಲ್ಲ. ಅಡುಗೆ ಅತ್ತೆಯದು. ಬರಬರುತ್ತಾ ಅವಳು ಲೈಬ್ರರಿಯ ಕಾದಂಬರಿಗಳನ್ನು ಮೊದಲೇ ತಂದು ಆ ಕೋಣೆಯಲ್ಲಿ ಬಚ್ಚಿಡತೊಡಗಿದಳು. ಬೋರಲು ಮಲಗಿ, ಕಾಲು ಅಲ್ಲಾಡಿಸುತ್ತಾ, ಒಬ್ಬಳೇ ನಗುತ್ತಾ ಓದುವ ವಾರಿಜಾಳನ್ನು ನಾನು ಮಾತ್ರ ನೋಡಿದ್ದೇನೆ. ಮುಂದೆ ಹುಟ್ಟಿದ ಮಗಳು ಮೈತ್ರೇಯಿಯೂ ಆ ದಿನಗಳಲ್ಲಿ ಅತ್ತ ಸುಳಿಯುವಂತಿರಲಿಲ್ಲ.

ಮೈತ್ರೇಯಿ ಸಾರ್ವಜನಿಕ ಆರೋಗ್ಯ ಓದಲು ಗ್ಲಾಸ್ಗೋಗೆ ಹೊರಟಾಗ ವಾರಿಜಾ ನನ್ನನ್ನು ಪೆಟ್ಟಿಗೆಗೆ ತುರುಕಿದಳು. "ಆ ದಿನಗಳಲ್ಲಿ ಇದರ ಮೇಲೆ ಮಲಕ್ಕೋ. ಅಲ್ಲಿ ಯಾರಿಗೂ ಹೇಳೋದೇನೂ ಬೇಡ."

ಹುಡುಗಿ ಹಾಗೆಯೇ ಮಾಡಿದಳು. ಮೈ ಕೊರೆಯುವ ನೆಲದ ಮೇಲೆ ನನ್ನನ್ನು ಹಾಸಿ, ಫ್ರಿಜ್ ಮುಟ್ಟದೆ, ಬ್ರೆಡ್ ತಿಂದು ಮೂರು ದಿನ ಕಳೆಯುತ್ತಿದ್ದಳು. ಜೊತೆಗಿದ್ದ ಘಾನಾ ದೇಶದ ಅಬೆನಾ ಒಂದು ದಿನ ಬಾಗಿಲು ತಟ್ಟಿದಳು. ಸಂಗತಿ ತಿಳಿದು ಅವಳು ನಗಲಿಲ್ಲ. ಬಿಸಿನೀರಿನ ಚೀಲ ತಂದುಕೊಟ್ಟು, "ನೋವಿದ್ದರೆ ಹಾಸಿಗೆಯಲ್ಲಿ ಮಲಗು. ಹಸಿವಾದರೆ ನನ್ನ ಪಕ್ಕ ಕೂತು ಉಣ್ಣು," ಎಂದಳು. ಅಂದು ಮೈತ್ರೇಯಿ ಮೇಜಿನ ಮುಂದೆ ಕೂತು ಅನ್ನ ಉಂಡಳು. ಉಣ್ಣುತ್ತಲೇ ಅತ್ತಳು. ನಾನು ನೆಲದಿಂದ ಮಂಚಕ್ಕೇರಿದೆ.

ಅಲ್ಲಿಂದ ಅವಳ ನಡಿಗೆಯೇ ಬೇರೆಯಾಯಿತು. ಒಂದು ಮಧ್ಯಾಹ್ನ ನನ್ನನ್ನು ತರಗತಿಗೆ ಒಯ್ದು ಎತ್ತಿ ಹಿಡಿದಳು. "ನನ್ನ ತಾಯಿಯನ್ನು ತಿಂಗಳಿಗೆ ಮೂರು ದಿನ ಇಂಥದರ ಮೇಲೆ ಕೂರಿಸಿ ಕೂಡಿಹಾಕುತ್ತಾರೆ," ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೂ ನನಗೆ ಹೇಗೋ ಆಯಿತು.

ಎರಡು ವರ್ಷದ ಮೇಲೆ ಊರಿಗೆ ಬಂದವಳು ನನ್ನನ್ನು ನಡುಮನೆಯಲ್ಲಿ ಇಟ್ಟು ಅಜ್ಜಿಗೆ ಹೇಳಿದಳು: "ಇನ್ಮೇಲೆ ಅಮ್ಮ ಆ ಕೋಣೇಲಿ ಕೂರಲ್ಲ. ಕೂರ್ಸಿದ್ರೆ ನಾನು ಈ ಮನೇಲಿ ನೀರೂ ಮುಟ್ಟಲ್ಲ."

"ಆಹಾ, ಸೀಮೆಯಿಂದ ಬಂದ್ಲು ನೋಡು ದೊರೆಸಾನಿ!" ಎಂದಳು ಅಜ್ಜಿ. ಎಲ್ಲರೂ ಜಗಳಕ್ಕೆ ಸಿದ್ಧರಾದರು. ಅಜ್ಜಿ ಮಂಡಿ ಒತ್ತಿಕೊಳ್ಳುತ್ತಾ, "ಆಗ್ಲಿ ಬಿಡೇ. ನಂಗೂ ಒಲೆ ಮುಂದೆ ನಿಂತ್ಕೊಳಕ್ಕಾಗಲ್ಲ. ಆ ಮೂರು ದಿನಾನೂ ಅವಳೇ ಬೇಯಿಸ್ಲಿ," ಎಂದುಬಿಟ್ಟಳು.

ಮೈತ್ರೇಯಿ ಗೆದ್ದ ಸಂತೋಷಕ್ಕೆ ತಾಯಿಯನ್ನು ತಬ್ಬಿಕೊಂಡಳು.

"ನಂಗೇನೂ ಅಷ್ಟು ಕಷ್ಟ ಇರ್ಲಿಲ್ಲ ಕಣೆ," ಎಂದಳು ವಾರಿಜಾ ಮೆಲ್ಲಗೆ. "ಆ ಕೋಣೇಲಿ ನಾನು..."

"ನಿಂಗೆ ಅಭ್ಯಾಸ ಆಗ್ಬಿಟ್ಟಿದೆ ಅಮ್ಮಾ, ಅದಕ್ಕೇ ಹಾಗನ್ಸುತ್ತೆ."

ವಾರಿಜಾ ಆ ಮಾತನ್ನು ಮತ್ತೆಂದೂ ಮುಗಿಸಲಿಲ್ಲ. ಕೋಣೆಗೆ ಅಕ್ಕಿಮೂಟೆಗಳು ಬಂದವು. ಮೈತ್ರೇಯಿ ಕೆಲಸ ಹಿಡಿದು ಗ್ಲಾಸ್ಗೋಗೆ ಮರಳಿದಳು. ವಾರಿಜಾ ಲೈಬ್ರರಿಗೆ ಹೋಗುವುದು ಮೊದಲು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು.

ನಾನೀಗ ಅಡುಗೆಮನೆಯ ಅಟ್ಟದಲ್ಲಿದ್ದೇನೆ. ಹುಳ ಹಿಡಿದಿದೆ. ಮೈತ್ರೇಯಿ ತಪ್ಪು ಮಾಡಿದಳು ಎನ್ನಲಾರೆ. ಅಷ್ಟು ದೂರ ಹೋದದ್ದರಿಂದಲೇ ಆ ಕೋಣೆಯ ಬಾಗಿಲು ಅವಳ ಕಣ್ಣಿಗೆ ಬಿತ್ತು. ಒಳಗಿದ್ದವಳನ್ನು ಒಂದು ಮಾತು ಕೇಳಬಹುದಿತ್ತು.

ಮೊನ್ನೆ ಆ ಮೂರರಲ್ಲಿ ಎರಡನೆಯ ದಿನ. ವಾರಿಜಾ ಸೊಂಟ ಹಿಡಿದುಕೊಂಡು ದೋಸೆ ಹುಯ್ಯುತ್ತಿದ್ದಳು. ನಡುಮನೆಯಲ್ಲಿ ಗಂಡನೂ ಅತ್ತೆಯೂ ತಟ್ಟೆಯ ಮುಂದೆ ಕಾದಿದ್ದರು. ಫೋನಿನಲ್ಲಿ ಮೈತ್ರೇಯಿಯ ದನಿ ಕೇಳಿತು: "ಅಮ್ಮಾ, ಈಗ ಎಲ್ರ ಜೊತೆ ಕೂತು ತಿಂತೀಯಾ ತಾನೆ?"

"ತಿಂತೀನಿ ಕಣೆ," ಎಂದು ವಾರಿಜಾ ಇನ್ನೊಂದು ದೋಸೆ ಮಗುಚಿದಳು.