ಬೆಟ್ಟ ಹತ್ತಲು ಹೊರಟ ಸನತ್‌ನಗರದ ಹೆಣ್ಣುಮಕ್ಕಳು

ಸನತ್‌ನಗರದ ಕಾರ್ಖಾನೆಗಳ ಹಿಂದಿನ ಕಾರ್ಮಿಕರ ಓಣಿಯಲ್ಲಿ ಎಂಟು ಹೆಣ್ಣುಮಕ್ಕಳ ಒಂದು ಸ್ವಸಹಾಯ ಗುಂಪಿದೆ. ಎಲ್ಲರೂ ಕಲಬುರಗಿ, ಬೀದರ, ಯಾದಗಿರಿ ಕಡೆಯಿಂದ ಈ ತೆಲುಗು ನಾಡಿಗೆ ದುಡಿಯಲು ಬಂದವರು. ವರ್ಷವಿಡೀ ಮಷೀನಿನ ಸದ್ದು ಕೇಳಿ ಬೇಸತ್ತ ಅವರು, ದಸರಾ ಮುಗಿದ ಮೇಲೆ ನಲ್ಲಮಲದ ಕಾಡಿನಲ್ಲಿ ಒಂದು ಬೆಟ್ಟ ಹತ್ತಿ ಬರೋಣ ಎಂದು ನಿಶ್ಚಯಿಸಿದರು. ಎಲ್ಲರಿಗಿಂತ ಹೆಚ್ಚು ಕುಣಿದಾಡಿದವಳು ಗದಿಗೆಮ್ಮ. ಆಕೆಗೆ ನಲವತ್ತೆಂಟು ವರ್ಷ, ಬೋಲ್ಟ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ.

ಗುಂಪಿನಲ್ಲಿದ್ದ ನರ್ಸ್ ವಿಜಯಶ್ರೀ ಒಂದು ಕಾಗದ ಬಿಚ್ಚಿ ಹೊರಡುವ ತಯಾರಿಯ ಪಟ್ಟಿ ಬರೆಯಲು ಕುಳಿತಳು. ಆಕೆ ಮೊದಲೇ ನಾಲ್ಕೈದು ಬೆಟ್ಟ ಹತ್ತಿ ಬಂದವಳು.

ಗದಿಗೆಮ್ಮನಿಗೆ ನಗು ತಡೆಯಲಿಲ್ಲ. "ಗುಡ್ಡ ಹತ್ತಾಕ ಕಾಗದ ಯಾಕವ್ವಾ? ಕಾಲು ಬೇಕು!"

"ಕಾಲು ಬೇಕು, ಖರೇ ಐತಿ ಅಕ್ಕಾ. ಆದ್ರ ಅಲ್ಲಿ ಫೋನ್ ಹತ್ತಂಗಿಲ್ಲ. ದವಾಖಾನಿ ಇಲ್ಲ, ಅಂಗಡಿ ಇಲ್ಲ. ನಾವು ಏನ್ ಒಯ್ದಿರ್ತೀವಿ, ಅಷ್ಟೇ."

"ಸಣ್ಣಾಕಿದ್ದಾಗ ನಾ ಕಟಗಿ ಹೊರಿ ಹೊತ್ಕೊಂಡು ಗುಡ್ಡ ಇಳದಾಕಿ. ನನಗ ಹೇಳ್ತಿ?"

"ಹಂಗಾದ್ರ ಭಾನುವಾರ ಇಲ್ಲೇ ಊರಾಗಿನ ಮೌಲಾಲಿ ಗುಡ್ಡ ಹತ್ತಿ ನೋಡೂಣು," ಎಂದಳು ವಿಜಯಶ್ರೀ.

ಭಾನುವಾರ ಗದಿಗೆಮ್ಮ ರಬ್ಬರ್ ಚಪ್ಪಲಿ ಮೆಟ್ಟಿ, ಕೈಬೀಸಿಕೊಂಡು ಬಂದಳು. ನೀರಿನ ಬಾಟಲಿಯೂ ಇರಲಿಲ್ಲ. ಗುಡ್ಡದ ಮೆಟ್ಟಿಲುಗಳಲ್ಲಿ ಅರ್ಧ ಹತ್ತುವಷ್ಟರಲ್ಲಿ ಏದುಸಿರು ಬಂತು. ಚಪ್ಪಲಿಯ ಬಾರು ಕಿತ್ತಿತು. ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿ ಹಿಡಿದುಕೊಂಡಿತು. ಅಲ್ಲೇ ಕುಸಿದು ಕುಳಿತಳು. ಗೆಳತಿ ಸುವರ್ಣಾ ನೀರು ಕುಡಿಸಿದಳು, ವಿಜಯಶ್ರೀ ಕಾಲು ತಿಕ್ಕಿದಳು. ಯಾರೂ ಆಡಿಕೊಳ್ಳಲಿಲ್ಲ. ಕೊನೆಗೆ ಗದಿಗೆಮ್ಮನೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕಟಗಿ ಹೊತ್ತಾಕಿ ಯಾರೋ ಬ್ಯಾರೇದಾಕಿ ಇದ್ಲು ಬಿಡ್ರೆ! ಎಲ್ಲೈತಿ ಆ ಕಾಗದ? ಓದು, ಕೇಳ್ತೀನಿ."

ಅಂದಿನಿಂದ ಆರು ವಾರ ಎಂಟೂ ಜನ ಡ್ಯೂಟಿಗೆ ಮುಂಚೆ ಒಂದು ತಾಸು ನಡೆದರು. ಹೊಸ ಬೂಟು ಬೆಟ್ಟದಲ್ಲಿ ಕಚ್ಚಬಾರದೆಂದು ಮನೆಯಲ್ಲೇ ಹಾಕಿಕೊಂಡು ಓಡಾಡಿದರು. ಗದಿಗೆಮ್ಮ ಬೂಟು ಹಾಕಿಕೊಂಡೇ ರೊಟ್ಟಿ ಬಡಿಯುವುದನ್ನು ನೋಡಿ ಓಣಿಯ ಮಕ್ಕಳಿಗೆ ಹಬ್ಬವೋ ಹಬ್ಬ. ವಿಜಯಶ್ರೀ ಎಲ್ಲರ ಬಿಪಿ, ಶುಗರ್ ನೋಡಿದಳು. ಅರಣ್ಯ ಇಲಾಖೆಯ ಅನುಮತಿ ಸಿಕ್ಕಿತು. ದಾರಿ ತೋರಿಸಲು ಆ ಕಾಡಿನ ಕಡೆಯವನೇ ಆದ ಲಿಂಗಯ್ಯ ಒಪ್ಪಿದ.

ಗದಿಗೆಮ್ಮನ ಗಂಡ ಚಂದ್ರಾಮನಿಗೆ ಮಾತ್ರ ಸಮಾಧಾನವಿರಲಿಲ್ಲ. "ಕಾಡಿನಾಗ ಏನರ ಆದ್ರ ಯಾರಿಗಿ ಗೊತ್ತಾಗ್ತದ?"

"ನಿನಗೇ ಗೊತ್ತಾಗ್ತದ," ಎಂದು ಗದಿಗೆಮ್ಮ ಕಾಗದದ ಒಂದು ಪ್ರತಿ ಕೊಟ್ಟಳು. "ಯಾವ ದಾರಿ, ಎಷ್ಟ್ ಮಂದಿ, ಎಲ್ಲಾ ಬರದೈತಿ. ಸಂಜಿ ಆರಕ್ಕ ನನ್ನ ಫೋನ್ ಬರಲಿಲ್ಲಂದ್ರ ಈ ಅರಣ್ಯ ಆಫೀಸಿನ ನಂಬರಿಗೆ ಹಚ್ಚು."

ಚಂದ್ರಾಮ ಅದನ್ನು ಎರಡು ಸಲ ಓದಿ ಟಿವಿಯ ಮೇಲೆ ಅಂಟಿಸಿದ.

ಕಾಗದದ ಕೊನೆಯ ಸಾಲು ಹೀಗಿತ್ತು: ಹನ್ನೆರಡಕ್ಕೆ ಎಲ್ಲೇ ಇದ್ದರೂ ಹಿಂದಕ್ಕೆ.

ಬೆಟ್ಟದ ದಿನ ಬಂತು; ನಸುಕಿನಲ್ಲೇ ಹತ್ತಲು ಶುರುಮಾಡಿದರು. ಪಾದ ಮುಳುಗುವಷ್ಟು ನೀರಿದ್ದ ಒಂದು ಹಳ್ಳ ದಾಟಿದರು. ಬಂಡೆಗಳನ್ನು ಹಿಡಿದು, ಒಬ್ಬರ ಕೈ ಒಬ್ಬರು ಎಳೆದು, ಹಾಡು ಹೇಳಿಕೊಂಡು ಏರಿದರು. ಕೆಳಗೆ ಕಾಡೆಲ್ಲ ಹಸಿರು ಕೌದಿಯ ಹಾಗೆ ಹರಡಿತ್ತು. ಇಷ್ಟು ಆಕಾಶವನ್ನು ಗದಿಗೆಮ್ಮ ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

ಗಡಿಯಾರ ಹನ್ನೆರಡು ತೋರಿಸಿತು. ತುದಿ ಎದುರಿಗೇ ಕಾಣುತ್ತಿತ್ತು.

"ಇನ್ನ ಅರ್ಧ ತಾಸು ಅಷ್ಟೇ, ಅಕ್ಕಾ!" ಸುವರ್ಣಾ ಅಂಗಲಾಚಿದಳು.

ಲಿಂಗಯ್ಯ ಆಕಾಶ ನೋಡಿದ. ದೂರದಲ್ಲಿ ಮೋಡ ಕಪ್ಪಾಗುತ್ತಿತ್ತು. ಎಲ್ಲರೂ ಗದಿಗೆಮ್ಮನ ಮುಖ ನೋಡಿದರು. ತುದಿ ಮುಟ್ಟಬೇಕೆಂದು ಎಲ್ಲರಿಗಿಂತ ಹೆಚ್ಚು ಹಂಬಲಿಸಿದವಳು ಆಕೆಯೇ. ಗದಿಗೆಮ್ಮ ತುದಿಯನ್ನೊಮ್ಮೆ ಕಣ್ತುಂಬ ನೋಡಿದಳು. ಆಮೇಲೆ ಅದಕ್ಕೆ ಬೆನ್ನು ತಿರುಗಿಸಿದಳು.

"ಗುಡ್ಡ ಎಲ್ಲಿ ಹೋಗ್ತದ? ನಡೀರಿ ಕೆಳಗ."

ಹಳ್ಳ ದಾಟಿ, ಈಚೆ ದಡದಲ್ಲಿ ದಣಿವಾರಿಸಿಕೊಳ್ಳಲು ಕುಳಿತು ಕಾಲು ಗಂಟೆ ಆಗಿತ್ತೋ ಇಲ್ಲವೋ, ಮಳೆ ಹೊಯ್ಯತೊಡಗಿತು. ನೋಡನೋಡುತ್ತಲೇ ಹಳ್ಳ ಕೆಂಪಾಗಿ, ಎದೆಮಟ್ಟ ಏರಿ, ಮರದ ಕೊಂಬೆಗಳನ್ನು ಎಳೆದುಕೊಂಡು ಭೋರ್ಗರೆಯಿತು. ಇನ್ನರ್ಧ ತಾಸು ತಡವಾಗಿದ್ದರೆ ರಾತ್ರಿಯೆಲ್ಲ ಆ ದಡದಲ್ಲೇ ಕೂರಬೇಕಿತ್ತು ಎಂದು ಲಿಂಗಯ್ಯ ತೆಲುಗಿನಲ್ಲಿ ಹೇಳಿದ. ಸುವರ್ಣಾ ಬಂದು ಗದಿಗೆಮ್ಮನನ್ನು ಗಟ್ಟಿಯಾಗಿ ಅಪ್ಪಿಕೊಂಡಳು.

ಕೆಳಗಿನ ಅರಣ್ಯ ಇಲಾಖೆಯ ಚೌಕಿಯಲ್ಲಿ ತೊಯ್ದ ಬಟ್ಟೆಯಲ್ಲೇ ಕುಳಿತು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಅಷ್ಟು ರುಚಿಯ ರೊಟ್ಟಿ ಯಾರೂ ತಿಂದಿರಲಿಲ್ಲ. ನಾಲ್ಕೂವರೆಗೆ ಫೋನ್ ಹತ್ತಿತು.

"ತುದಿ ಮುಟ್ಟಿದ್ರೇನು?" ಚಂದ್ರಾಮ ಕೇಳಿದ.

"ಇಲ್ಲ. ಎಂಟೂ ಮಂದಿ ಕೆಳಗ ಮುಟ್ಟೀವಿ."

ಆ ಕಡೆ ಚಂದ್ರಾಮ ಟಿವಿಯ ಮೇಲಿನ ಕಾಗದ ಕಿತ್ತು ಮಡಚಿದ. ಆಮೇಲೆ ಮೆಲ್ಲಗೆ, "ಮುಂದಿನ ಸಲ ನಾನೂ ಬರ್ತೀನಿ. ನನಗೂ ಒಂದ್ ಜೋಡಿ ಬೂಟು ನೋಡು," ಎಂದ.

ಜನವರಿಯಲ್ಲಿ ಮತ್ತೆ ಹೋದರು. ಚಂದ್ರಾಮನೂ ಸೇರಿ ಒಂಬತ್ತು ಜನ ಹನ್ನೊಂದಕ್ಕೆಲ್ಲ ತುದಿಯ ಮೇಲೆ ನಿಂತು, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಬೆಟ್ಟಕ್ಕೆ ಹೋಗಿ, ಖುಷಿಯಾಗಿ ಹೋಗಿ. ಆದರೆ ಮೊದಲು ಕಾಲಿಗೆ ಅಭ್ಯಾಸ ಮಾಡಿಸಿ. ಅನುಮತಿ ಪಡೆದು, ದಾರಿ ಬಲ್ಲವರ ಜೊತೆ ಹೊರಡಿ. ನೀರು, ಓಆರ್‌ಎಸ್ ಪುಡಿ, ದಾರಿ ತಪ್ಪಿದರೆ ಊದಲು ಒಂದು ಸೀಟಿ ಚೀಲದಲ್ಲಿರಲಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಬರೆದು ಮನೆಯಲ್ಲಿ ಕೊಡಿ. ತಿರುಗುವ ಹೊತ್ತಾದರೆ, ತುದಿ ಕಣ್ಣೆದುರಿಗಿದ್ದರೂ ತಿರುಗಿ ಬನ್ನಿ. ನಿಮ್ಮ ದಾರಿ ಕಾಯುವವರು ಮನೆಯಲ್ಲಿದ್ದಾರೆ.