ಹನ್ನೊಂದನೆಯ ನಂಬರು

ನಮ್ಮಲ್ಲಿ ಜಾತಿ ನಡೆಯುವುದಿಲ್ಲ, ಶಿಫಾರಸು ನಡೆಯುವುದಿಲ್ಲ, ನಡೆಯುವುದು ಅಂಕ ಮಾತ್ರ ಎಂದು ಕುಷ್ಟಗಿ ರಸ್ತೆಯ ಆ ವಸತಿ ಕಾಲೇಜಿನ ಪ್ರಿನ್ಸಿಪಾಲ ಅಯ್ಯಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ತಾವು ಎಮ್ಮೆ ಕಾಯುತ್ತ ಓದಿ ಮೇಲೆ ಬಂದದ್ದನ್ನೂ ಸೇರಿಸುತ್ತಿದ್ದರು. ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಮೆಹರುನಬಿಗೆ ಆ ಮಾತು ಎಷ್ಟು ಸಲ ಕೇಳಿದರೂ ಬೇಸರವಿಲ್ಲ. ಅವಳ ಮಗಳು ನಿಶಾತ ಆ ಮಾತಿನ ಬಲದ ಮೇಲೆಯೇ ಫೀಸಿಲ್ಲದೆ ಎ ಬ್ಯಾಚಿನಲ್ಲಿ ಕೂತಿದ್ದಳು. ವಾರದ ಪರೀಕ್ಷೆಯಲ್ಲಿ ಮೊದಲ ಮೂವತ್ತು ಮಂದಿ ಎ ಬ್ಯಾಚು. ಡಾಕ್ಟರ ಸೀಟಿನ ಪಾಠ ಅವರಿಗಷ್ಟೇ, ಬೆಳಗ್ಗೆ ಐದೂವರೆಗೆ.

ತೊಡಕೆಂದರೆ ರೊಟ್ಟಿ. ಮೆಹರುನಬಿಯ ಬಲಗೈ ಮಣಿಕಟ್ಟು ಬಾತ ಮೇಲೆ ನಿಶಾತ ನಾಲ್ಕಕ್ಕೇ ಎದ್ದು ತಾಯಿಯ ಪಾಲಿನ ರೊಟ್ಟಿ ಬಡಿದು, ಕೈ ತೊಳೆದು ಕ್ಲಾಸಿಗೆ ಓಡುತ್ತಿದ್ದಳು. ಅಲ್ಲಿ ತೂಕಡಿಸಿದರೆ ಮೇಷ್ಟ್ರು, “ಒಂದ್ ಮಗ್ಗಲು ಬೆಂದೈತಿ, ಯಾರರ ತಿರುವಿ ಹಾಕ್ರಿ” ಎಂದು ನಗಿಸುತ್ತಿದ್ದರಂತೆ. ಒಂಬತ್ತರಲ್ಲಿದ್ದ ನಂಬರು ಇಪ್ಪತ್ತೇಳಕ್ಕೆ ಇಳಿಯಿತು.

ಶನಿವಾರ ಮೆಹರುನಬಿ ಅಯ್ಯಪ್ಪನವರ ಮುಂದೆ ನಿಂತಳು. ಕೈ ವಾಸಿಯಾಗುವವರೆಗೆ ಇನ್ನೊಬ್ಬಳನ್ನು ಇಟ್ಟುಕೊಳ್ಳಿ ಎಂದು ಕೇಳುವುದು ಮನಸ್ಸಿನಲ್ಲಿತ್ತು. ಫೀಸು ಬಿಟ್ಟ ಮನುಷ್ಯನ ಎದುರು ಬಾಯಿ ಬರಲಿಲ್ಲ. “ಹುಡುಗಿಗೆ ಎರಡೂ ಕಡಿ ಆಗವಲ್ದು ಸರ್ರ, ನೀವ ಏನರ ದಾರಿ ಮಾಡ್ರಿ” ಎಂದಷ್ಟೇ ಹೇಳಿದಳು. ಅವರು ಆಗಲೆಂದರು.

ಸೋಮವಾರ ಬೆಳಗ್ಗೆ ಐದಕ್ಕೆ, ನಿಶಾತ ಆ ವಾರದ ಬ್ಯಾಚಿನ ಪಟ್ಟಿ ನೋಡಲು ಹೋಗಿದ್ದಾಗ, ಅಯ್ಯಪ್ಪ ಚಹಾಕ್ಕೆಂದು ಅಡುಗೆಮನೆಗೆ ಬಂದರು. ಮುಖದಲ್ಲಿ ಸಂತೋಷವಿತ್ತು.

“ಹುಡುಗೀನ ಸಿ ಬ್ಯಾಚಿಗೆ ಹಾಕೇನಿ ನೋಡವ್ವ. ಒಂಬತ್ತಕ್ಕ ಕ್ಲಾಸು. ಇನ್ನ ಆರಾಮ್ ರೊಟ್ಟಿ ಬಡೀಬಹುದು.”

ಮೆಹರುನಬಿಯ ಕೈಯಲ್ಲಿ ಹಿಟ್ಟು ಹಾಗೇ ಉಳಿಯಿತು. ಈ ವಾರ ಎಷ್ಟನೇ ನಂಬರು ಬಂದಾಳೆಂದು ಕೇಳಿದಳು. ಹನ್ನೊಂದು ಎಂದರು. ಆ ಜಾಗಕ್ಕೆ ಶ್ರೀರಾಮನಗರದ ರೈಸ್‌ಮಿಲ್ಲಿನವರ ಮಗ, ಮೂವತ್ತೊಂದನೆಯವನು, ಬಂದಾಗಿತ್ತು. ಅವರ ಮನೆಗೆ ಫೋನೂ ಹೋಗಿತ್ತು. ಮೆಹರುನಬಿ ತಾನು ಕೇಳಿದ್ದು ಅದಲ್ಲವೆಂದು ಹೇಳಿದಳು. ಅಯ್ಯಪ್ಪ ನಿಜಕ್ಕೂ ನೊಂದುಕೊಂಡರು. ಒಳ್ಳೆಯದು ಮಾಡಹೋದರೆ ಹೀಗೆ ಎಂದು ಚಹಾದ ಕಪ್ಪು ಅಲ್ಲೇ ಇಟ್ಟು ಹೊರಟರು.

ನಿಶಾತ ಓಡುತ್ತ ಬಂದಳು.

“ಅಮ್ಮಾ, ಲಿಸ್ಟ್ ತಪ್ಪಾಗೈತಿ. ನಡಿ, ಸರ್‌ಗೆ ಹೇಳೂಣು.”

“ತಪ್ಪಾಗಿಲ್ಲ ಬೇಟಾ. ನಾನ ಕೇಳಿದ್ದೆ.”

ಏನೆಂದು ಕೇಳಿದ್ದಳೋ ಒಂದಕ್ಷರ ಬಿಡದೆ ಹೇಳಿದಳು. ನಿಶಾತ ತಾಯಿಯ ಬಾತ ಕೈ ನೋಡಿದಳು.

“ನನ್ನ ಒಂದ್ ಮಾತು ಕೇಳಬೇಕಿತ್ತು,” ಎಂದು ಕೂತು ಹಿಟ್ಟಿನ ಪರಾತ ಎಳೆದುಕೊಂಡಳು.

ಮೆಹರುನಬಿ ಪರಾತದ ಅಂಚು ಹಿಡಿದಳು. “ಬ್ಯಾಡ. ನೀ ಹೋಗು.”

ಹೊರಗೆ ಐದೂವರೆಯ ಕ್ಲಾಸಿನ ಗಂಟೆ ಹೊಡೆಯಿತು.

“ಎಲ್ಲಿಗೆ?” ಎಂದಳು ನಿಶಾತ.